ಸ್ತನ ಕ್ಯಾನ್ಸರ್ ಪತ್ತೆಯಾದವರು ದತ್ತಿನಿಧಿಗಾಗಿ ಓಟ, ಸೈಕಲ್ ಸವಾಲುಗಳನ್ನು ಕೈಗೊಳ್ಳಬೇಕೆ?

ಪರ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿದ್ದ ಜೇನ್ ಟಾಮ್ಲಿನ್‌ಸನ್ ಅವರಿಗೆ 1990ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದಾಗ 26 ವರ್ಷ. 2000ದಲ್ಲಿ ರೋಗ ದೇಹದ ಬೇರೆ ಭಾಗಗಳಿಗೂ ಹರಡಿತ್ತು. ಇನ್ನು ಗುಣವಾಗದು, ಉಳಿದಿರುವುದು ಆರು ತಿಂಗಳು ಎಂಬ ಮಾತನ್ನು ಅವರು ವೈದ್ಯರಿಂದ ಕೇಳಬೇಕಾಯಿತು. ಆ ಬಳಿಕ ಅವರು ಲಂಡನ್ ಮ್ಯಾರಥಾನನ್ನು ಒಂದಕ್ಕಿಂತ ಹೆಚ್ಚು ಸಲ ಓಡಿ ಮುಗಿಸಿದರು. 2004ರಲ್ಲಿ ಫ್ಲಾರಿಡಾದ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಸುಮಾರು 4 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ ಒಂದು ಪೂರ್ಣ ಮ್ಯಾರಥಾನ್, ಇವೆಲ್ಲವನ್ನೂ 17 ಗಂಟೆಗಳ ಗಡುವಿನೊಳಗೆ ಪೂರೈಸಿದರು. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕ್‌ವರೆಗೆ ಸೈಕಲ್ ತುಳಿದರು. 2007ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವ ವೇಳೆಗೆ ಅವರು ದತ್ತಿ ಕಾರ್ಯಗಳಿಗಾಗಿ ಸಂಗ್ರಹಿಸಿದ್ದ ಹಣ 18 ಲಕ್ಷ ಪೌಂಡ್ ದಾಟಿತ್ತು. ಓಟದಿಂದಲೇ ಅವರ ಆಯುಸ್ಸು ಬೆಳೆಯಿತೆಂದು ಯಾರೂ ಹೇಳಲಾರರು, ನಾನೂ ಹೇಳುತ್ತಿಲ್ಲ. ಉಳಿದ ದಿನಗಳನ್ನು ಹೇಗೆ ಕಳೆಯಬೇಕೆಂಬ ತೀರ್ಮಾನ ಅವರದೇ ಆಗಿತ್ತು ಎಂಬುದು ನನಗೆ ಮುಖ್ಯ.

ಈ ಕಾಯಿಲೆ ಹೆಂಗಸಿನ ಕೈಯಿಂದ ಮೊದಲು ಕಸಿದುಕೊಳ್ಳುವುದು ಇಂಥ ತೀರ್ಮಾನಗಳನ್ನೇ. ಯಾವ ದಿನ ಶಸ್ತ್ರಚಿಕಿತ್ಸೆ, ಯಾವ ದಿನ ಕೀಮೊ, ಯಾವಾಗ ಸ್ಕ್ಯಾನ್ ಎಂಬುದನ್ನೆಲ್ಲ ಬೇರೆಯವರು ಗೊತ್ತು ಮಾಡುತ್ತಾರೆ. ಮನೆಗೆ ಬಂದರೆ, ನಮ್ಮಲ್ಲಂತೂ, ನೀರಿನ ಕೊಡ ಎತ್ತಬೇಡ, ಮಗುವನ್ನು ಎತ್ತಿಕೊಳ್ಳಬೇಡ, ಸುಮ್ಮನೆ ಮಲಗಿರು ಎಂಬ ಪ್ರೀತಿಯ ಕಟ್ಟುಪಾಡುಗಳು ಶುರುವಾಗುತ್ತವೆ. ಇದು ಮನೆಯವರ ಅಂಜಿಕೆಯಷ್ಟೇ ಅಲ್ಲ; ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದ ಮೇಲೆ ಭಾರ ಎತ್ತಿದರೆ ತೋಳು ಊದಿಕೊಳ್ಳುತ್ತದೆಂದು ವೈದ್ಯರೇ ಬಹುಕಾಲ ಎಚ್ಚರಿಸುತ್ತಿದ್ದರು. ಕೆನಡಾದ ವ್ಯಾಂಕೂವರ್‌ನಲ್ಲಿ 1996ರಲ್ಲಿ ಕ್ರೀಡಾವೈದ್ಯ ಡಾನ್ ಮೆಕೆಂಜಿ ಅವರು ಚಿಕಿತ್ಸೆ ಮುಗಿಸಿದ 24 ಮಂದಿ ಮಹಿಳೆಯರಿಗೆ ತರಬೇತಿ ಕೊಟ್ಟು, ಹಲವರು ಒಟ್ಟಿಗೆ ಕುಳಿತು ನಡೆಸುವ, ತೋಳಿಗೇ ಹೆಚ್ಚು ಶ್ರಮ ಕೊಡುವ ಉದ್ದನೆಯ ಡ್ರ್ಯಾಗನ್ ದೋಣಿಯ ಹುಟ್ಟು ಹಾಕಿಸಿದರು. ಭಯಪಟ್ಟಂತೆ ಆಗಲಿಲ್ಲ. 2009ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥರಿನ್ ಶ್ಮಿಟ್ಸ್ ಮತ್ತು ಸಹೋದ್ಯೋಗಿಗಳು, ಆಗಲೇ ತೋಳು ಊದಿದ್ದ 141 ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ಕ್ರಮವಾಗಿ ಭಾರ ಎತ್ತಿದವರಲ್ಲಿ ಆ ತೊಂದರೆ ಉಲ್ಬಣಿಸಿದ್ದು ಕಡಿಮೆಯೇ ಎಂದು ಕಂಡುಬಂತು. ಕೀಮೊ ನಂತರದ ಬಿಡದ ಸುಸ್ತಿಗೆ ಇಂದು ವೈದ್ಯರು ಹೇಳುವ ಉಪಾಯಗಳಲ್ಲಿ ನಿಯಮಿತ ವ್ಯಾಯಾಮವೂ ಒಂದು.

ವ್ಯಾಯಾಮ ಸರಿ, ಅದಕ್ಕೆ ದತ್ತಿಯನ್ನೇಕೆ ಜೋಡಿಸಬೇಕು ಎಂದು ಕೇಳುವವರಿದ್ದಾರೆ. ತಿಂಗಳುಗಟ್ಟಲೆ ಬರೀ ಪಡೆದುಕೊಳ್ಳುತ್ತಲೇ ಇದ್ದವರಿಗೆ ತಾವೂ ಕೊಡಬಲ್ಲೆವು ಎಂಬ ಅನುಭವ ಔಷಧದಷ್ಟೇ ಬೇಕಾಗುತ್ತದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರ್ ಓಟದಲ್ಲೂ ಸೇವಾಸಂಸ್ಥೆಗಳಿಗಾಗಿ ಹಣ ಕೂಡಿಸುವ ಅವಕಾಶವಿದೆ. ಚಿಕಿತ್ಸೆ ಮುಗಿಸಿ ಅಲ್ಲಿಗೆ ಬಂದ ಹೆಂಗಸನ್ನು ಕಂಡು, ಎದೆಯಲ್ಲಿನ ಗಂಟನ್ನು ನಾಚಿಕೆಯಿಂದ ಮುಚ್ಚಿಟ್ಟ ಒಬ್ಬಾಕೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರೂ ಆ ಓಟ ಸಾರ್ಥಕ.

ವಿರೋಧ

ಜೇನ್ ಟಾಮ್ಲಿನ್‌ಸನ್ ಅವರ ಬಗ್ಗೆ ನನಗಿರುವ ಗೌರವ ಕಡಿಮೆಯದಲ್ಲ, ವ್ಯಾಯಾಮದ ಬಗ್ಗೆ ತಕರಾರೂ ಇಲ್ಲ. ವಾರಕ್ಕೆ ಮೂರು ದಿನ ಅರ್ಧ ಗಂಟೆಯ ನಡಿಗೆಯನ್ನು ಸಮರ್ಥಿಸುವ ಅಧ್ಯಯನಗಳನ್ನು ಮುಂದಿಟ್ಟುಕೊಂಡು 42 ಕಿಲೋಮೀಟರಿನ ಓಟವನ್ನು ಸಮರ್ಥಿಸುವುದಕ್ಕೆ ನನ್ನ ವಿರೋಧ. ಶ್ಮಿಟ್ಸ್ ಅವರ ಅಧ್ಯಯನದ ಮಹಿಳೆಯರು ತರಬೇತುದಾರರ ಕಣ್ಣೆದುರು ತೀರಾ ಹಗುರ ಭಾರದಿಂದ ಆರಂಭಿಸಿ, ಊತ ತಡೆಯುವ ಬಿಗಿಯಾದ ತೋಳುಗವಸು ಧರಿಸಿ, ಸ್ವಲ್ಪಸ್ವಲ್ಪವೇ ಹೆಚ್ಚಿಸಿಕೊಂಡು ಹೋದವರು. ಸವಾಲಿನ ಓಟಕ್ಕೆ ಮೊದಲೇ ನಿಗದಿಯಾದ ದಿನಾಂಕವಿರುತ್ತದೆ. ದೇಹ ಆ ದಿನಾಂಕಕ್ಕೆ ಹೊಂದಿಕೊಳ್ಳಬೇಕು.

ಆ ದೇಹದ ಸ್ಥಿತಿಯನ್ನು ಹತ್ತಿರದಿಂದ ನೋಡಬೇಕು. ಸ್ತನ ತೆಗೆದ ಬಳಿಕ ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮಗಳಲ್ಲಿ ಒಂದು, ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲೆ ಹತ್ತಿಸುವುದು. ಎಷ್ಟೋ ಮಂದಿಗೆ ಭುಜದ ಮಟ್ಟ ದಾಟಿಸುವುದೇ ಮೊದಲ ವಾರಗಳ ದೊಡ್ಡ ಕೆಲಸ. ಆಮೇಲೂ ಔಷಧಗಳ ಪರಿಣಾಮ ಉಳಿದಿರುತ್ತದೆ. ಡಾಕ್ಸೊರುಬಿಸಿನ್, ಟ್ರಾಸ್ಟುಝುಮಾಬ್ ಹೃದಯವನ್ನು ದುರ್ಬಲಗೊಳಿಸಬಹುದು. ಹಾಗಾಗಿಯೇ ನಡುನಡುವೆ ಎಕೋ ಪರೀಕ್ಷೆ ಮಾಡಿಸುತ್ತಾರೆ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಅಂಗಾಲು ಜೋಮು ಹಿಡಿದರೆ ಕಾಲಿಟ್ಟ ನೆಲವೇ ಸರಿಯಾಗಿ ತಿಳಿಯುವುದಿಲ್ಲ. ವರ್ಷಗಟ್ಟಲೆ ನುಂಗಬೇಕಾದ ಲೆಟ್ರೊಜೋಲ್‌ನಂಥ ಮಾತ್ರೆಗಳು ಮೂಳೆಯನ್ನು ಸವೆಸುತ್ತವೆ, ಕೀಲುಗಳಲ್ಲಿ ನೋವು ತರುತ್ತವೆ. ರೋಗ ಮೂಳೆಗೇ ಹರಡಿದ್ದರೆ ಅದು ಮುರಿಯಲು ಒಂದು ಎಡವಟ್ಟು ಹೆಜ್ಜೆ ಸಾಕು.

ಇವೆಲ್ಲವನ್ನೂ ವೈದ್ಯರೊಡನೆ ಕುಳಿತು ತೂಗಿ ನೋಡಬಹುದು, ನಿಜ. ಆದರೆ ಹಣ ಸಂಗ್ರಹ ಸೇರಿಕೊಂಡ ಕೂಡಲೇ ಆ ತಕ್ಕಡಿ ವಾಲುತ್ತದೆ. ಲಂಡನ್ ಮ್ಯಾರಥಾನ್‌ನಲ್ಲಿ ಸೇವಾಸಂಸ್ಥೆಯ ಮೂಲಕ ಸ್ಥಾನ ಪಡೆಯುವವರು ಸಾಮಾನ್ಯವಾಗಿ ಕನಿಷ್ಠ ಇಷ್ಟು ಹಣ ಕೂಡಿಸಿಕೊಡುತ್ತೇನೆಂದು ಒಪ್ಪಿಕೊಂಡಿರಬೇಕು. ಅದು ಹಲವು ಸಲ 2,000 ಪೌಂಡ್‌ನಷ್ಟಿರುತ್ತದೆ. ನೆಂಟರು, ಕಚೇರಿಯವರು, ಅಕ್ಕಪಕ್ಕದವರು ತನ್ನ ಹೆಸರಿನಲ್ಲಿ ದುಡ್ಡು ಕೊಟ್ಟಾದ ಮೇಲೆ, ಓಟದ ಹಿಂದಿನ ವಾರ ಜ್ವರ ಬಂದರೆ ಅಥವಾ ಸ್ಕ್ಯಾನಿನಲ್ಲಿ ಹೊಸ ಚುಕ್ಕೆ ಕಂಡರೆ, ನನ್ನಿಂದಾಗದು ಎಂದು ಹೇಳಲು ಆಕೆಗೆ ಬಾಯಿ ಬರುವುದೆ? ಕೊಟ್ಟವರು ಬೇಸರಿಸಲಿಕ್ಕಿಲ್ಲ, ಆದರೆ ಆಕೆ ಅದನ್ನು ಸಾಲವೆಂದೇ ಭಾವಿಸುತ್ತಾಳೆ. ಕೊಡುವ ಸಂತೋಷ ಔಷಧದಷ್ಟೇ ಬೇಕು ಎನ್ನುವವರು ಈ ಸಾಲದ ಭಾರವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇನ್ನೊಂದು ಸಂಕಟ ಓಡದವರದು. ಪತ್ರಿಕೆಯಲ್ಲಿ ಪದಕ ಹಿಡಿದು ನಿಂತವರ ಚಿತ್ರ ಬಂದ ದಿನ, ಮೂರನೆಯ ಕೀಮೊ ಮುಗಿಸಿ ವಾಂತಿಯಿಂದ ಬಳಲುತ್ತಿರುವ ಸೊಸೆಗೆ ಅದನ್ನು ತೋರಿಸಿ, ‘ನೋಡಮ್ಮ, ಇವರು ಹೇಗಿದ್ದಾರೆ, ನೀನೂ ಮನಸ್ಸು ಗಟ್ಟಿ ಮಾಡ್ಕೋ’ ಎನ್ನುವ ಹಿರಿಯರು ನಮ್ಮ ಮನೆಗಳಲ್ಲಿ ಇಲ್ಲವೆ? ಅವರ ಉದ್ದೇಶ ಒಳ್ಳೆಯದೇ. ಆದರೂ ರೋಗ ಉಲ್ಬಣಿಸಿದರೆ ಅದು ತನ್ನ ಮನೋಬಲದ ಕೊರತೆಯೇನೋ ಎಂಬ ಅಪರಾಧಭಾವ ಆಕೆಯ ಪಾಲಿಗೆ ಉಳಿಯುತ್ತದೆ, ಮತ್ತು ಅದು ಶುದ್ಧ ಸುಳ್ಳು.

ಹಣ ಬೇಕು, ನಿರಾಕರಿಸುವಂತಿಲ್ಲ. ಊರಿನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಬಂದು ವಾರಗಟ್ಟಲೆ ವಿಕಿರಣ ಚಿಕಿತ್ಸೆ ಪಡೆಯುವವರಿಗೆ ಬಸ್ ಖರ್ಚು, ತಂಗುವ ಜಾಗ, ಕಳೆದುಹೋದ ಕೂಲಿ ಎಲ್ಲವೂ ಹೊರೆಯೇ. ಆ ಹಣಕ್ಕಾಗಿ ಗಂಡ ಓಡಲಿ, ಅಣ್ಣತಮ್ಮಂದಿರು ಸೈಕಲ್ ತುಳಿಯಲಿ, ಆರೋಗ್ಯವಂತ ಸಹೋದ್ಯೋಗಿಗಳು ಸಾಲಾಗಿ ಹೆಸರು ಬರೆಸಲಿ. ಆಕೆಗೂ ಓಡುವ ಆಸೆಯಿದ್ದರೆ ಹಣದ ಗುರಿಯಿಲ್ಲದೆ, ಬೇಕೆಂದಲ್ಲಿ ನಿಲ್ಲುವ ಸ್ವಾತಂತ್ರ್ಯದೊಡನೆ, ಅವರ ಜೊತೆಗೆ ಆದಷ್ಟು ದೂರ ಹೋಗಿ ಬರಲಿ.