ಸುದ್ದಿ ಬರೆಯುವವರು ಸಾಹಿತಿಗಳಿಗಿಂತ ಕಮ್ಮಿನಾ?

1920ರ ದಶಕದ ಪ್ಯಾರಿಸ್ ಬಗ್ಗೆ ಯಾರು ಮಾತು ತೆಗೆದರೂ ಒಂದು ಕಥೆ ಬಂದೇ ಬರುತ್ತದೆ. ಅಮೆರಿಕದ ಅರ್ನೆಸ್ಟ್ ಹೆಮಿಂಗ್ವೇ ಕೆನಡಾದ ಟೊರಾಂಟೊ ಸ್ಟಾರ್ ಪತ್ರಿಕೆಯ ವರದಿಗಾರನಾಗಿ ಅಲ್ಲಿಗೆ ಹೋದ, ಅಲ್ಲೇ ನೆಲೆಸಿದ್ದ ಲೇಖಕಿ ಗರ್ಟ್ರೂಡ್ ಸ್ಟೈನ್ ಪತ್ರಿಕೆ ಕೆಲಸ ಬಿಡು ಅಂದರು, ಬಿಟ್ಟ, ದೊಡ್ಡ ಲೇಖಕನಾದ. ಕಥೆ ನಿಜವೇ. ಆದರೆ ಅದನ್ನು ಹೇಳುವ ಧಾಟಿ ನನಗೆ ಹಿಡಿಸುವುದಿಲ್ಲ. ವರದಿಗಾರಿಕೆ ಅಂದರೆ ಸೆರೆಮನೆ, ಸಾಹಿತ್ಯ ಅಂದರೆ ಬಿಡುಗಡೆ ಅನ್ನೋ ಹಾಗೆ ಹೇಳುತ್ತಾರೆ. ನಾನು ಹನ್ನೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು. ಸಾಹಿತಿಗಳ ನಡುವೆ "ನೀವು ಬರೀ ಪತ್ರಕರ್ತರಾ, ಇಲ್ಲಾ ಏನಾದ್ರೂ ಬರೀತೀರಾ?" ಅಂತ ಕೇಳಿಸಿಕೊಂಡವನು. ಆ ಪ್ರಶ್ನೆ ಈಗಲೂ ಚುಚ್ಚುತ್ತದೆ.

ಹೆಮಿಂಗ್ವೇಯನ್ನೇ ತಗೊಳ್ಳಿ. 1922ರ ಶರತ್ಕಾಲದಲ್ಲಿ ಗ್ರೀಕ್-ತುರ್ಕಿ ಯುದ್ಧದ ವರದಿಗೆ ಹೋದಾಗ, ಪೂರ್ವ ಥ್ರೇಸ್ (ಈಗಿನ ತುರ್ಕಿಯ ಯುರೋಪ್ ಭಾಗ) ಬಿಟ್ಟು ಹೊರಟ ಜನರ ಸಾಲನ್ನು ಕಂಡ. ಸುರಿಯುವ ಮಳೆ, ಎತ್ತಿನ ಗಾಡಿಗಳು, ಒಂದು ಗಾಡಿಯಲ್ಲಿ ಹೆರಿಗೆ ನೋವು ತಿನ್ನುತ್ತಿರುವ ಹೆಂಗಸು, ಅವಳ ಮೇಲೆ ಮಳೆ ಬೀಳದ ಹಾಗೆ ಕಂಬಳಿ ಹಿಡಿದ ಗಂಡ. ಇದು ಪತ್ರಿಕೆಗೆ ಹೋದ ಸುದ್ದಿ. ತಂತಿಯಲ್ಲಿ ಪದಕ್ಕಿಷ್ಟು ಅಂತ ದುಡ್ಡು ಕಟ್ಟಿ ಕಳಿಸುವ ಕಾಲ, ಬೇಡದ ಒಂದು ಪದವೂ ಇರುವ ಹಾಗಿಲ್ಲ. ಅದೇ ದೃಶ್ಯವನ್ನು ಇನ್ನಷ್ಟು ಕಡೆದು ಮುಂದೆ ತನ್ನ ಪುಸ್ತಕದೊಳಗೆ ಇಟ್ಟ. ಹಾಗಾದರೆ ಸಾಹಿತ್ಯ ಶುರುವಾಗಿದ್ದು ಎಲ್ಲಿ? ರಾಜೀನಾಮೆ ಕೊಟ್ಟ ದಿನವಂತೂ ಅಲ್ಲ.

ಯೂಜೀನ್ ಜೋಲಾಸ್ ಕೂಡ ಶಿಕಾಗೊ ಟ್ರಿಬ್ಯೂನಿನ ಪ್ಯಾರಿಸ್ ಆವೃತ್ತಿಯಲ್ಲಿ ಕೆಲಸ ಮಾಡಿದವರು. 1927ರಲ್ಲಿ ಅವರು ಶುರು ಮಾಡಿದ ಸಾಹಿತ್ಯ ಪತ್ರಿಕೆಯಲ್ಲೇ ಐರಿಶ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ ತಮ್ಮ ಕೊನೆಯ ಪುಸ್ತಕವನ್ನು ಕಂತು ಕಂತಾಗಿ ಅಚ್ಚು ಹಾಕಿಸಿದ್ದು.

ಆದರೆ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟವಾಗುವವರು ಜಾನೆಟ್ ಫ್ಲಾನರ್. ಅಮೆರಿಕದ ಇಂಡಿಯಾನಾಪೊಲಿಸ್‌ನವರು. 1925ರಲ್ಲಿ ನ್ಯೂಯಾರ್ಕರ್ ವಾರಪತ್ರಿಕೆಗೆ ಪ್ಯಾರಿಸ್ಸಿನಿಂದ ಪತ್ರ ಬರೆಯಲು ಶುರು ಮಾಡಿದರು, ನಿಲ್ಲಿಸಿದ್ದು 1975ರಲ್ಲಿ. ಐವತ್ತು ವರ್ಷ! ಅವರೂ ಒಂದು ಕಾದಂಬರಿ ಬರೆದರು, 1926ರಲ್ಲಿ ಬಂತು, ಆಮೇಲೆ ಇನ್ನೊಂದು ಬರಲಿಲ್ಲ. ಇದನ್ನು ಸೋಲು ಅಂತ ಕರೆಯುವವರಿದ್ದಾರೆ, ನಾನು ಒಪ್ಪಲ್ಲ. ನಿನಗೇನನ್ನಿಸುತ್ತೆ ಅನ್ನೋದು ಬೇಡ, ಫ್ರೆಂಚರಿಗೆ ಏನನ್ನಿಸುತ್ತೆ ಅದನ್ನು ಬರೆ ಅಂತ ಸಂಪಾದಕ ಹೆರಾಲ್ಡ್ ರಾಸ್ ಹೇಳಿದ್ದರು. ಪತ್ರಗಳ ಕೆಳಗೆ ಅವರ ಹೆಸರೂ ಇರುತ್ತಿರಲಿಲ್ಲ, ರಾಸ್ ಇಟ್ಟ 'ಜೆನೆ' ಅನ್ನೋ ಹೆಸರು. ನಾನು ನಾನು ಅನ್ನುವ ಜನರ ಮಧ್ಯೆ ಕೂತು, ತನ್ನನ್ನು ಪಕ್ಕಕ್ಕಿಟ್ಟು ಬರೆಯೋದು ಎಷ್ಟು ಕಷ್ಟ ಅಲ್ವಾ? ಜೊತೆಗೆ ಇನ್ನೊಂದು ಸಂಕಟ. ಕೆಫೆಯಲ್ಲಿ ನಿಮ್ಮ ಮೇಜಿಗೆ ಬಂದು ಕೂತವರು ಸ್ನೇಹಿತರು, ಆದರೆ ಅವರೇ ಊರಿನ ಸುದ್ದಿ. ಯಾವ ಮಾತು ಅಚ್ಚಿಗೆ, ಯಾವ ಮಾತು ಅಲ್ಲೇ ಬಿಟ್ಟು ಏಳುವುದಕ್ಕೆ ಅನ್ನೋದನ್ನು ಕವಿ ಯೋಚಿಸಬೇಕಾಗಿಲ್ಲ. ವರದಿಗಾರ ದಿನಾ ಯೋಚಿಸಬೇಕು. ಪರದೇಶದಲ್ಲಂತೂ ಆ ಮೇಜೇ ಮನೆ, ಅದನ್ನು ಕಳೆದುಕೊಂಡರೆ ಹೋಗೋದಕ್ಕೆ ಬೇರೆ ಜಾಗವಿಲ್ಲ.

1925ರ ಅಕ್ಟೋಬರಿನಲ್ಲಿ ಶಾಂಜೆಲಿಜೆ ಥಿಯೇಟರಿನಲ್ಲಿ ಅಮೆರಿಕದ ಕಪ್ಪು ನರ್ತಕಿ ಜೋಸೆಫಿನ್ ಬೇಕರ್ ಮೊದಲ ಸಲ ಪ್ಯಾರಿಸ್ಸಿನ ಮುಂದೆ ಕುಣಿದಳು. ಫ್ಲಾನರ್ ಅದರ ಬಗ್ಗೆ ಬರೆದರು. ಅಂಜುತ್ತಾ, ಸಪ್ಪೆಯಾಗಿ ಬರೆದೆ ಅನ್ನೋ ಕೊರಗು ಅವರಿಗೆ ಹೋಗಲೇ ಇಲ್ಲ. 1972ರಲ್ಲಿ ಹಳೆಯ ಪತ್ರಗಳು ಪುಸ್ತಕವಾಗುವಾಗ ಮುನ್ನುಡಿಯಲ್ಲಿ ಅದನ್ನು ಒಪ್ಪಿಕೊಂಡರು. ಒಪ್ಪಿಕೊಂಡು ಸುಮ್ನೆ ಬಿಡಲಿಲ್ಲ, ಆ ರಾತ್ರಿಯನ್ನು ಮತ್ತೆ ಬರೆದರು. ಎತ್ತರದ ಒಬ್ಬ ಗಂಡಸಿನ ಹೆಗಲ ಮೇಲೆ ತಲೆಕೆಳಗಾಗಿ ಬಂದ ಬೇಕರ್, ಮೈಮೇಲೆ ಗುಲಾಬಿ ಬಣ್ಣದ ಒಂದು ಫ್ಲೆಮಿಂಗೊ ಗರಿ ಬಿಟ್ಟರೆ ಏನೂ ಇಲ್ಲ. ನಲವತ್ತೇಳು ವರ್ಷದ ಹಿಂದಿನ ಸುದ್ದಿಯನ್ನು ಸರಿಯಾಗಿ ಕಳಿಸಿದಾಗ ಅವರಿಗೆ ಎಂಬತ್ತು.