ಪುಲ್‌ಮನ್ನನಿಗೆ ಕಾಂಕ್ರೀಟು, ನಮ್ಮ ವೀರನಿಗೆ ಹಾರೆ

ನಾನಿರುವ ಶಿಕಾಗೊದಲ್ಲಿ ಗ್ರೇಸ್‌ಲ್ಯಾಂಡ್ ಅಂತ ಒಂದು ಹಳೆಯ ಸ್ಮಶಾನ ಇದೆ. ಅಲ್ಲಿ ರೈಲು ಬೋಗಿ ಸಾಹುಕಾರ ಜಾರ್ಜ್ ಪುಲ್‌ಮನ್ ಮಲಗಿದ್ದಾನೆ. ಮೇಲೆ ಕಾಣುವುದು ಒಂದು ಎತ್ತರದ ಕಂಬ, ಅಷ್ಟೇ. ಕೆಳಗಿರುವುದು ಮಾತ್ರ ಬ್ಯಾಂಕಿನ ತಿಜೋರಿ. ಈ ಮನುಷ್ಯ ಕಷ್ಟಕಾಲದಲ್ಲಿ ಕೆಲಸಗಾರರ ಕೂಲಿ ಇಳಿಸಿದ, ತನ್ನದೇ ಮನೆಗಳ ಬಾಡಿಗೆ ಇಳಿಸಲಿಲ್ಲ. 1894ರಲ್ಲಿ ದೊಡ್ಡ ಮುಷ್ಕರ ಆಯಿತು, ಸೈನ್ಯ ಬಂತು, ಜನ ಸತ್ತರು. 1897ರಲ್ಲಿ ಅವನು ಸತ್ತಾಗ ಮನೆಯವರಿಗೆ ದಿಗಿಲು. ಸಿಟ್ಟಿದ್ದವರು ಹೆಣವನ್ನೇ ಎತ್ತಿಕೊಂಡು ಹೋದರೆ? ಅದಕ್ಕೇ ಸೀಸ ಹೊದಿಸಿದ ಪೆಟ್ಟಿಗೆ, ಮೇಲೆ ಡಾಂಬರು, ಸುತ್ತ ಕಾಂಕ್ರೀಟು, ಅದರ ಮೇಲೆ ಅಡ್ಡಡ್ಡ ಉಕ್ಕಿನ ಹಳಿ, ಮತ್ತೆ ಕಾಂಕ್ರೀಟು.

ಊರಿಂದ ಬಂದ ನೆಂಟರಿಗೆ ಇದನ್ನು ಹೇಳಿದರೆ ನಗುತ್ತಾರೆ. "ನಾವಾದ್ರೆ ಸುಟ್ಟು ಬೂದಿ ಹೊಳೆಗೆ ಬಿಡ್ತೀವಿ. ಕದಿಯೋಕೆ ಏನಿರುತ್ತೆ?" ಅನ್ನುತ್ತಾರೆ. ಹೂಳುವವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದಿರಲಿ. ಕದಿಯೋಕೆ ಏನೂ ಇಲ್ಲದ ಕಡೆ ಕಳ್ಳರು ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಹಾಸನ ಜಿಲ್ಲೆಯಲ್ಲೇ ಅದಕ್ಕೆ ಸಾಕ್ಷಿ ಇದೆ.

ಮೊದಲು ಇಲ್ಲಿನದೇ ಇನ್ನೊಂದು ಕಥೆ. ಇದೇ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಬ್ರಹಾಂ ಲಿಂಕನ್ ಅವರ ಸಮಾಧಿ ಇದೆ. 1876ರ ಚುನಾವಣೆಯ ರಾತ್ರಿ ಖೋಟಾನೋಟಿನ ಗುಂಪೊಂದು ಅಲ್ಲಿಗೆ ನುಗ್ಗಿತು. ಅವರ ನೋಟಿನ ಅಚ್ಚು ಕೆತ್ತುವವನು ಜೈಲಿನಲ್ಲಿದ್ದ. ಹೆಣ ಕದ್ದು ಬಚ್ಚಿಡುವುದು, ಅವನ ಬಿಡುಗಡೆ ಜೊತೆಗೆ 2 ಲಕ್ಷ ಡಾಲರ್ ಕೇಳುವುದು ಅವರ ಲೆಕ್ಕ. ಅಷ್ಟು ದೊಡ್ಡ ಮನುಷ್ಯನ ಸಮಾಧಿಗೆ ಇದ್ದದ್ದು ಒಂದೇ ಒಂದು ಬೀಗ. ಅದನ್ನು ಕೊಯ್ದು ಒಳಗೆ ಹೋದರು. ಪೆಟ್ಟಿಗೆಯನ್ನು ಸ್ವಲ್ಪ ಹೊರಗೂ ಎಳೆದರು. ಆದರೆ ಗುಂಪಿಗೆ ಸೇರಿಸಿಕೊಂಡವರಲ್ಲಿ ಒಬ್ಬ ಪೊಲೀಸರ ಮನುಷ್ಯ. ಪತ್ತೇದಾರರು ಕತ್ತಲಲ್ಲಿ ಕಾದು ಕೂತಿದ್ದರು. ಹಿಡಿಯುವ ಹೊತ್ತಿಗೆ ಅವರಲ್ಲೇ ಒಬ್ಬನ ಪಿಸ್ತೂಲು ಅಕಸ್ಮಾತ್ ಹಾರಿ ಕಳ್ಳರು ಓಡಿಹೋದರು. ಕೆಲವು ದಿನಗಳ ಮೇಲೆ ಸಿಕ್ಕಿದರು, ನಿಜ. ಸಿಕ್ಕಿದ ಶಿಕ್ಷೆ ಬರೀ ಒಂದು ವರ್ಷ. ಹೆಣ ಕದಿಯುವುದಕ್ಕೆ ಅಂತ ತಕ್ಕ ಕಾನೂನೇ ಇರಲಿಲ್ಲ. ಪೆಟ್ಟಿಗೆ ಕದಿಯಲು ಹೋದರು ಅಂತ ಕೇಸು ಹಾಕಬೇಕಾಯಿತು!

ಆಮೇಲೆ ನಡೆದದ್ದು ನನಗೆ ಜಾಸ್ತಿ ಇಷ್ಟ. ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ಲಿಂಕನ್ ಅವರ ಪೆಟ್ಟಿಗೆಯನ್ನು ಗುಟ್ಟಾಗಿ ನೆಲಮಾಳಿಗೆಗೆ ಸಾಗಿಸಿ, ಮೇಲೆ ಹಳೇ ಮರದ ಹಲಗೆ ಪೇರಿಸಿಬಿಟ್ಟರು. ಬಂದ ಜನ ವರ್ಷಗಟ್ಟಲೆ ಖಾಲಿ ಅಮೃತಶಿಲೆಗೆ ಟೋಪಿ ತೆಗೆದು ತಲೆ ಬಾಗಿಸಿ ಹೋದರು. 1901ರಲ್ಲಿ ಮಗ ರಾಬರ್ಟ್ ಹಟ ಹಿಡಿದು ಹತ್ತು ಅಡಿ ಆಳದಲ್ಲಿ ಉಕ್ಕಿನ ಪಂಜರ ಇಡಿಸಿ, ಕಾಂಕ್ರೀಟು ಸುರಿಸಿದ. ಆ ಉಪಾಯ ಎಲ್ಲಿಂದ ಬಂತು ಗೊತ್ತಾ? ಪುಲ್‌ಮನ್ ಸತ್ತ ಮೇಲೆ ಅವನ ಕಂಪನಿಗೆ ಅಧ್ಯಕ್ಷನಾದವನು ಇದೇ ರಾಬರ್ಟ್. ಗುಲಾಮರನ್ನು ಬಿಡಿಸಿದವರಿಗೂ, ಕೆಲಸಗಾರರ ಹೊಟ್ಟೆಗೆ ಹೊಡೆದವನಿಗೂ ಕೊನೆಗೆ ಒಂದೇ ಥರದ ಗುಂಡಿ. ಪಕ್ಕದ ಇಂಡಿಯಾನಾದಲ್ಲಿ ಬ್ಯಾಂಕ್ ದರೋಡೆಕೋರ ಡಿಲಿಂಜರ್‌ನ ಗೋರಿಗೂ 1934ರಲ್ಲಿ ಕಾಂಕ್ರೀಟು ಬಿತ್ತು. ಆದರೂ ಅವನ ತಲೆಗಲ್ಲನ್ನು ಜನ ನೆನಪಿಗೆ ಅಂತ ಚೂರು ಚೂರು ಕೆತ್ತಿಕೊಂಡು ಹೋಗಿ, ಹೊಸ ಕಲ್ಲು ಮತ್ತೆ ಮತ್ತೆ ನಿಲ್ಲಿಸಬೇಕಾಯಿತು.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲಿ ದೊಡ್ಡವರ ನೆನಪಿಗೆ ದೇಹ ಬೇಕಿರಲಿಲ್ಲ, ಕಲ್ಲು ಸಾಕಿತ್ತು. ರಾಷ್ಟ್ರಕೂಟರ ನಾಲ್ಕನೇ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಹಿಡಿದು ಪ್ರಾಣ ಬಿಟ್ಟ. ಉಳಿದದ್ದು ಶಾಸನ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರ ಕುವರ ಲಕ್ಷ್ಮನ ಕಂಬ ಇದೆ. ಇಮ್ಮಡಿ ವೀರಬಲ್ಲಾಳ ಸತ್ತಾಗ ಅವನ ಗರುಡ, ಅಂದರೆ ದೊರೆಯ ಜೊತೆಗೇ ಸಾಯುತ್ತೇನೆ ಎಂದು ಆಣೆ ಮಾಡಿದವನು, ಹೆಂಡತಿ ಮತ್ತು ಸಂಗಡಿಗರ ಜೊತೆ ಪ್ರಾಣ ಕೊಟ್ಟ. ಕಂಬದ ಮೇಲೆ ಸ್ವಂತ ತಲೆ ಕಡಿದುಕೊಳ್ಳುವ ಆಳುಗಳನ್ನು ಕೆತ್ತಿದ್ದಾರೆ. ಪ್ರವಾಸಿಗರು ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು ಇದನ್ನು ನೋಡದೇ ಹೋಗುತ್ತಾರೆ.

ಅದಕ್ಕೆ ಸರ್ಕಾರದ ಕಾವಲಿದೆ. ಹೊಲದ ಬದುವಿನ ಕಲ್ಲುಗಳಿಗೆ ಯಾರು ದಿಕ್ಕು? ಬೇಲೂರಿನ ಹತ್ತಿರ ನಮ್ಮೂರ ಕೆರೆ ಏರಿಯ ಪಕ್ಕ, ಶುಂಠಿ ಹೊಲದ ಮೂಲೆಯಲ್ಲಿ ಒಂದು ವೀರಗಲ್ಲು ಇದೆ. ಕೆಳಗಿನ ಸಾಲಲ್ಲಿ ದನ ಬಿಡಿಸಲು ಹೋರಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಹೋದ ಸಲ ಊರಿಗೆ ಹೋದಾಗ ಅದು ಮಕಾಡೆ ಬಿದ್ದಿತ್ತು. ಬುಡದಲ್ಲಿ ಆಳುದ್ದ ಗುಂಡಿ. ಅಂಚಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಕೋಳಿ ಪುಕ್ಕ. ಅಮಾವಾಸ್ಯೆ ರಾತ್ರಿ ನಿಧಿ ತೆಗೆಯಲು ಬಂದವರ ಕೆಲಸ. ವೀರಗಲ್ಲಿನ ಅಡಿಯಲ್ಲಿ ಹೊನ್ನಿನ ಕೊಪ್ಪರಿಗೆ ಇರುತ್ತೆ, ಸರ್ಪ ಕಾಯುತ್ತೆ ಅಂತ ಇವರಿಗೆ ಯಾರು ಹೇಳಿದರೋ! ದನ ಕಾಯಲು ಹೋಗಿ ಸತ್ತವನ ಹತ್ತಿರ ಹೊನ್ನು ಎಲ್ಲಿಂದ ಬರಬೇಕು?

ಶಾಪಕ್ಕೂ ಈಗ ಬೆಲೆ ಇಲ್ಲ. ಶೇಕ್ಸ್‌ಪಿಯರ್‌ನ ಸಮಾಧಿಯ ಮೇಲೆ ನನ್ನ ಮೂಳೆ ಕದಲಿಸಿದವನಿಗೆ ಶಾಪ ಅಂತ ಬರೆದಿದೆ. ನಮ್ಮ ದಾನಶಾಸನಗಳು ಇನ್ನೂ ಜೋರು: ಕೊಟ್ಟ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳ ಆಗುತ್ತಾನೆ. ನಿಧಿಗಳ್ಳರಿಗೆ ಇದನ್ನು ಓದಲು ಬಂದರೆ ತಾನೆ ಹೆದರುವುದು. ಕಲ್ಲಿನ ಮೇಲೆ ಅಕ್ಷರ ಕಂಡರೆ ನಿಧಿಯ ಗುರುತು ಅಂದುಕೊಳ್ಳುತ್ತಾರೆ.

ಸ್ಪ್ರಿಂಗ್‌ಫೀಲ್ಡ್‌ನವರು ಖಾಲಿ ಪೆಟ್ಟಿಗೆ ತೋರಿಸಿ, ಒಳಗೆ ಇದೆ ಅಂತ ನಂಬಿಸಿ ಉಳಿಸಿಕೊಂಡರು. ನಮ್ಮಲ್ಲಿ ಅದೇ ನಂಬಿಕೆ ಕಲ್ಲು ಉರುಳಿಸುತ್ತಿದೆ. ಹಾಗಾಗಿ ಅಲ್ಲಿನ ಮದ್ದು ಇಲ್ಲಿ ನಾಟುವುದಿಲ್ಲ. ಬುಡಕ್ಕೆ ಕಾಂಕ್ರೀಟು ಹಾಕಿಸೋಣ, ದುಡ್ಡು ನಾನು ಕಳಿಸುತ್ತೇನೆ ಅಂದಿದ್ದೆ. ದೊಡ್ಡಪ್ಪ ನಕ್ಕುಬಿಟ್ಟರು. "ಹಾಕ್ಸು ಹಾಕ್ಸು. ಒಳಗೆ ಏನೋ ಐತೆ ಅಂತ್ಲೇ ಹಾಕ್ಸವ್ರೆ ಅಂತ ಇನ್ನೂ ನಾಕ್ ಜನ ಬತ್ತಾರೆ ಕಣೋ."

ಅವರ ಮಾತು ಸರಿ. ಊರವರು ಗುಂಡಿ ಮುಚ್ಚಿ, ಕಲ್ಲನ್ನು ಶಾಲೆಯ ಎದುರಿನ ಕಟ್ಟೆಯ ಮೇಲೆ, ಬುಡ ನಾಲ್ಕು ಕಡೆಯಿಂದಲೂ ಕಾಣುವ ಹಾಗೆ ನಿಲ್ಲಿಸೋಣ ಅನ್ನುತ್ತಿದ್ದಾರೆ. ಅವನು ಸತ್ತ ಜಾಗದಿಂದ ಕದಲಿಸಬಾರದು ಅನ್ನುವವರೂ ಇದ್ದಾರೆ. ನನ್ನ ಓಟು ಕಟ್ಟೆಗೆ. ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲೇ ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ನಮ್ಮ ಕಲ್ಲಿನ ಸಾಲು ಸಿಕ್ಕರೆ, ಅದನ್ನು ಇವತ್ತಿನ ಕನ್ನಡಕ್ಕೆ ತಿರುಗಿಸಿ ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಬೇಕು. ಕೊನೆಯಲ್ಲಿ ಒಂದು ಸಾಲು ಸೇರಿಸಲಿ: ಅಡಿಯಲ್ಲಿ ಅಗೆದು ನೋಡಿದ್ದಾರೆ, ಏನೂ ಇಲ್ಲ.