ಕಾಲಮಿತಿ ಬ್ಯಾಂಡು, ಇಡೀ ರಾತ್ರಿಯ ಭಾಷಣ

ಪತ್ರಿಕೆಯಲ್ಲಿ ಬಂದ ಫೋಟೋ ನೀವೂ ನೋಡಿರುತ್ತೀರಿ. ‘ಮಂಗಳೂರಿಗರ ಮನಗೆದ್ದ ಸೇನಾ ಬ್ಯಾಂಡ್’ ಅಂತ ನಾಲ್ಕು ಕಾಲಮ್ಮಿನ ಶೀರ್ಷಿಕೆ. ಕೆಳಗೆ ಫೋಟೋದಲ್ಲಿ ಹದಿನೇಳು ಮಂದಿ ಗಣ್ಯರು. ಹದಿನೇಳೂ ಮಂದಿಯ ಕೈ ಒಂದೇ ಹಿಂಗಾರದ ಮೇಲೆ, ಅಂದರೆ ಅಡಿಕೆ ಹೂವಿನ ಗೊನೆಯ ಮೇಲೆ. ಬ್ಯಾಂಡ್ ಎಲ್ಲಿ ಅಂತ ಹುಡುಕಿದೆ. ಬಲಗಡೆ, ಮಾಜಿ ಅಧ್ಯಕ್ಷರೊಬ್ಬರ ಕಿವಿಯ ಹಿಂದೆ ಹಿತ್ತಾಳೆಯ ಕೊಳವೆಯ ತುದಿಯೊಂದು ಹೊಳೆಯುತ್ತದೆ. ಅದು ಟ್ರೊಂಬೋನ್. ಸೇನಾ ಬ್ಯಾಂಡಿಗೆ ಸಂಬಂಧಪಟ್ಟದ್ದು ಫೋಟೋದಲ್ಲಿ ಅಷ್ಟೇ.

ಫೋಟೋಗ್ರಾಫರನ ತಪ್ಪೇನೂ ಇಲ್ಲ ಮಾರಾಯ್ರೆ. ಅಲ್ಲಿ ನಡೆದದ್ದನ್ನೇ ಅವನು ತೆಗೆದಿದ್ದಾನೆ. ನಾನೂ ಅಲ್ಲೇ ಇದ್ದೆ, ಹಿಂದಿನ ಸಾಲಿನಲ್ಲಿ, ಕಡಲೆ ತಿನ್ನುತ್ತಾ.

ಆಮಂತ್ರಣದಲ್ಲಿ ಸಂಜೆ ಆರು ಗಂಟೆ ಅಂತಿತ್ತು. ಮಂಗಳೂರಿನ ಆರು ಗಂಟೆ ಎಷ್ಟು ಹೊತ್ತಿಗೆ ಆಗುತ್ತದೆ ಅಂತ ನಮಗೆಲ್ಲ ಗೊತ್ತು. ಪಾಪ, ಊರೂರು ತಿರುಗುತ್ತಾ ಬಂದ ಸೇನೆಯವರಿಗೆ ಗೊತ್ತಿಲ್ಲ. ಅವರು ಐದೂವರೆಗೇ ಬಂದರು. ಬಸ್ಸಿನಿಂದ ಇಳಿದು, ವಾದ್ಯಗಳನ್ನು ಇಳಿಸಿ, ಸಂಗೀತದ ಹಾಳೆ ಇಡುವ ಸ್ಟ್ಯಾಂಡುಗಳನ್ನು ಬಿಡಿಸಿ ಸಾಲಾಗಿ ನಿಲ್ಲಿಸಿದರು. ಅಷ್ಟರಲ್ಲಿ ವೇದಿಕೆಗೆ ಸೋಫಾ ಬಂದಿಲ್ಲ ಅಂತ ಗಲಾಟೆ ಶುರುವಾಯಿತು. ಶಾಮಿಯಾನದ ಹುಡುಗರು ಚಹಾಕ್ಕೆ ಹೋಗಿದ್ದರು. ‘ನಿಮ್ಮವರು ಸ್ವಲ್ಪ ಕೈ ಹಾಕ್ತಾರಾ ಸರ್, ಗಟ್ಟಿ ಜನ ಅಲ್ವಾ’ ಅಂತ ಸಂಘಟಕರೊಬ್ಬರು ಕೇಳಿಯೇ ಬಿಟ್ಟರು. ಅವರು ಕೈ ಹಾಕಿದರು. ಕೆಂಪು ವೆಲ್ವೆಟ್ಟಿನ ಸೋಫಾಗಳನ್ನು ಹೊತ್ತು ವೇದಿಕೆಯ ಮುಂದಿನ ಸಾಲಿಗೆ ತಂದಿಟ್ಟರು. ಆಮೇಲೆ ತಾವು ಹೋಗಿ ಹಿಂದೆ, ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ವಾದ್ಯ ಊದುವವರಿಗೆ ಕೈಯಿಲ್ಲದ ಕುರ್ಚಿಯೇ ಒಳ್ಳೆಯದಂತೆ, ಮೊಣಕೈಗೆ ಅಡ್ಡ ಬರುವುದಿಲ್ಲ. ಆ ದಿನ ಸಂಘಟಕರು ಮಾಡಿದ ಒಂದೇ ಸರಿಯಾದ ಕೆಲಸ ಅದು. ಅದೂ ಗೊತ್ತಿಲ್ಲದೆ.

ಏಳೂಕಾಲಕ್ಕೆ ಗಣ್ಯರು ಬಂದರು. ಮೊದಲಿಗೆ ನಾಡಗೀತೆ. ನಾಡಗೀತೆಗೆ ಎಷ್ಟು ಹೊತ್ತು ಅಂತ ವರ್ಷಗಟ್ಟಲೆ ಚರ್ಚೆ ನಡೆದು, 2022ರಲ್ಲಿ ಸರಕಾರ 2 ನಿಮಿಷ 30 ಸೆಕೆಂಡ್ ಅಂತ ಗೊತ್ತು ಮಾಡಿತಲ್ಲ, ಮಕ್ಕಳು ಅಷ್ಟರೊಳಗೆ ಚೊಕ್ಕವಾಗಿ ಹಾಡಿ ಮುಗಿಸಿದರು. ಅಂದರೆ ಕುವೆಂಪು ಅವರಿಗೇ ಎರಡೂವರೆ ನಿಮಿಷ. ಅವರ ನಂತರ ಬಂದ ಒಬ್ಬರಿಗೂ ಗಡಿಯಾರ ಇರಲಿಲ್ಲ.

ಸ್ವಾಗತ, ಪ್ರಾಸ್ತಾವಿಕ, ಹಿಂಗಾರ ಅರಳಿಸುವುದು, ಪೆಡೆಸ್ಟಲ್ ಫ್ಯಾನಿನ ಎದುರು ದೀಪ ಹಚ್ಚುವುದು, ಫ್ಯಾನ್ ಆಫ್ ಮಾಡುವುದು, ಮತ್ತೆ ದೀಪ ಹಚ್ಚುವುದು. ಇದನ್ನೆಲ್ಲ ನೀವು ನೋಡದವರಲ್ಲ. ನೇರ ಭಾಷಣಕ್ಕೆ ಬರುತ್ತೇನೆ. ಒಬ್ಬರು 1837ಕ್ಕೆ ಹೋದರು. ಬಾವುಟಗುಡ್ಡೆಯಲ್ಲಿ ಬ್ರಿಟಿಷರ ಬಾವುಟ ಇಳಿಸಿ ನಮ್ಮವರು ಹದಿಮೂರು ದಿನ ಮಂಗಳೂರನ್ನು ಕೈಯಲ್ಲಿ ಇಟ್ಟುಕೊಂಡ ಕತೆ. ದೊಡ್ಡ ಕತೆಯೇ, ಹೆಮ್ಮೆಯದ್ದೇ. ಆದರೆ ಹದಿಮೂರು ದಿನದ ಕತೆಯನ್ನು ಹದಿಮೂರು ದಿನ ತೆಗೆದುಕೊಂಡೇ ಹೇಳುತ್ತಾರೋ ಅಂತ ನನಗೆ ಹೆದರಿಕೆಯಾಯಿತು. ಇನ್ನೊಬ್ಬರು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಗುಣಗಾನ ಮಾಡಿದರು. ಕೊಡಗಿನ ಕಾಫಿ, ಕೊಡಗಿನ ಮಳೆ, ಕೊಡಗಿನ ಕತ್ತಿ ಎಲ್ಲ ಬಂತು. ಸೇನೆಯ ಸಂಗೀತ ಶಾಲೆ 1950ರಲ್ಲಿ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಶುರುವಾದದ್ದು ಇದೇ ಕಾರ್ಯಪ್ಪನವರ ಆಸರೆಯಲ್ಲಿ. ಅಲ್ಲಿ ಕಲಿತವರು ಬೆನ್ನ ಹಿಂದೆಯೇ ಕೂತಿದ್ದರು. ಅದೊಂದು ಮಾತು ಬರಲಿಲ್ಲ. ತಿರುಗಿ ನೋಡಿದ್ದರೆ ಬರುತ್ತಿತ್ತೇನೋ.

ನಮ್ಮೂರಲ್ಲಿ ಇಡೀ ರಾತ್ರಿ ನಡೆಯುತ್ತಿದ್ದ ಯಕ್ಷಗಾನವನ್ನೇ ನಾವು ಕಾಲಮಿತಿಗೆ ತಂದಿದ್ದೇವೆ. ಹೊತ್ತಿಲ್ಲ, ನಿದ್ದೆ ಬರುತ್ತದೆ, ಬೆಳಿಗ್ಗೆ ಆಫೀಸಿದೆ ಅಂತ ಎಷ್ಟೋ ಪ್ರಸಂಗಗಳ ಒಡ್ಡೋಲಗ ಹೋಯಿತು, ಪೀಠಿಕೆ ಹೋಯಿತು, ಹಾಸ್ಯ ಮೊಟಕಾಯಿತು. ಕಾಲಮಿತಿ ಭಾಷಣ ಅಂತ ಮಾತ್ರ ಯಾರೂ ಒಂದು ಪ್ರಯೋಗ ಮಾಡಲಿಲ್ಲ.

ಯಕ್ಷಗಾನದ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ತಿರುಗಾಟದ ಕಲಾವಿದರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಹೊರಟ ಮೇಳ ಮೇ ಕೊನೆಯ ಪತ್ತನಾಜೆವರೆಗೆ ದಿನಕ್ಕೊಂದು ಊರು ತಿರುಗುತ್ತದೆ. ಹರಕೆ ಆಟ ಆಡಿಸುವ ಮನೆಯವರು ಎಂಥ ಬಡವರಾದರೂ ಮೊದಲು ನೋಡುವುದು ವೇಷ ಕಟ್ಟುವ ಚೌಕಿಗೆ ಜಾಗ ಎಲ್ಲಿ ಅಂತ. ಬಣ್ಣ ಹಚ್ಚಲು ಬೆಳಕು, ಮುಖ ತೊಳೆಯಲು ನೀರು, ಮೇಳದವರಿಗೆ ಊಟ. ಚೌಕಿಯಲ್ಲಿ ಪೂಜೆ ಆಗದೆ ಆಟ ಶುರುವಾಗುವುದಿಲ್ಲ. ಮನೆಯ ಯಜಮಾನ ರಂಗಸ್ಥಳಕ್ಕೆ ಹತ್ತಿ ಅರ್ಧ ಗಂಟೆ ಮಾತಾಡಿದ್ದನ್ನು ನಾನಂತೂ ಎಲ್ಲೂ ನೋಡಿಲ್ಲ. ಅವನು ಕೆಳಗೆ ಕೂತು ಆಟ ನೋಡುತ್ತಾನೆ. ಇಷ್ಟೆಲ್ಲ ಗೊತ್ತಿದ್ದ ಊರಿಗೆ ಸಮವಸ್ತ್ರದವರು ಬಂದಾಗ ಎಂತ ಆಗುತ್ತದೋ ದೇವರೇ ಬಲ್ಲ.

ಭಾಷಣದ ಮಧ್ಯೆ ಒಬ್ಬ ಕ್ಲಾರಿನೆಟ್ಟಿನ ಹುಡುಗ ಮೆಲ್ಲ ಎದ್ದು ಹಿಂದೆ ಬಂದ. ಶೌಚಾಲಯ ಎಲ್ಲಿ ಅಂತ ಕೇಳಿದ. ಮೈದಾನದಲ್ಲಿ ಇರಲಿಲ್ಲ. ರಸ್ತೆ ದಾಟಿ ಹೋಟೆಲಿಗೆ ಕರೆದುಕೊಂಡು ಹೋದೆ. ನನ್ನ ಮಂಗಳೂರು ಹಿಂದಿ, ಅವನ ಬೆಟ್ಟದ ಹಿಂದಿ. ಆದರೂ ಮಾತಾಯಿತು. ಊರುಗಳ ಹೆಸರು ನೆನಪಿರುವುದಿಲ್ಲ ಸಾಬ್, ಎಲ್ಲಿ ಶೌಚಾಲಯ ಇತ್ತು, ಎಲ್ಲಿ ಊಟ ಬಿಸಿ ಇತ್ತು, ಅಷ್ಟೇ ನೆನಪು ಅಂದ. ಬಸ್ಸಿನಲ್ಲಿ ಕೂತೇ ನಿದ್ದೆ. ಮಡಿಲಲ್ಲಿ ಪೆಟ್ಟಿಗೆ. ಕ್ಲಾರಿನೆಟ್ಟಿನ ಮರ ಆಫ್ರಿಕಾದ ಕರಿಮರವಂತೆ, ಚಳಿಯ ಊರಿನಿಂದ ಸೆಕೆಯ ಊರಿಗೆ ಓಡಾಡಿದರೆ ಸೀಳು ಬಿಡಬಹುದು. ಹಾಗಾಗಿ ಅದನ್ನು ಬಸ್ಸಿನ ಡಿಕ್ಕಿಗೆ ಹಾಕುವುದಿಲ್ಲ. ನಾಲಿಗೆಗೆ ತಾಗುವ ರೀಡ್ ಒಂದು ಜೊಂಡಿನ ತೆಳು ಸೀಳು. ಒಣಗಿದರೆ ಸೊಟ್ಟಗಾಗುತ್ತದೆ, ಒದ್ದೆಯಾಗಿದ್ದರೇ ಸ್ವರ. ‘ಎರಡು ಗಂಟೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದೇನೆ, ಯಾವಾಗ ಕರೆಯುತ್ತಾರೋ ಗೊತ್ತಿಲ್ಲವಲ್ಲ’ ಅಂದ. ನಮ್ಮ ಮುಖ್ಯ ಅತಿಥಿಗಳ ಜೀವನ ಚರಿತ್ರೆಯನ್ನು ಆ ಹುಡುಗ ಬಾಯಲ್ಲಿ ಜೊಂಡು ಕಚ್ಚಿಕೊಂಡು ಕೇಳಿದ್ದಾನೆ, ಅದೂ ಅರ್ಥವಾಗದ ಭಾಷೆಯಲ್ಲಿ.

ಹಿತ್ತಾಳೆಯವರ ಪಾಡು ಬೇರೆ. ಗಾಳಿ ಬಿಸಿಯಾದಷ್ಟೂ ವಾದ್ಯದ ಶ್ರುತಿ ಏರುತ್ತದೆ. ನಮ್ಮ ಸೆಕೆ, ಮೇಲಿಂದ ಹ್ಯಾಲೊಜೆನ್ ದೀಪ. ಅವರು ಆಗಾಗ ಕೊಳವೆಯೊಂದನ್ನು ಸ್ವಲ್ಪ ಹೊರಗೆಳೆದು ಸರಿ ಮಾಡಿಕೊಳ್ಳುತ್ತಿದ್ದರು. ಮುಂದೆ ನಿಂತಿದ್ದ ಭಾಷಣಕಾರರ ಶ್ರುತಿಯೂ ಏರುತ್ತಲೇ ಇತ್ತು. ಅವರಲ್ಲಿ ಎಳೆಯುವುದು ಎಲ್ಲಿಂದ?

ಇಡೀ ಸಂಜೆ ನಿಜವಾಗಿ ಖುಷಿ ಪಟ್ಟದ್ದು ಮಕ್ಕಳು ಮಾತ್ರ. ದೊಡ್ಡ ಡ್ರಮ್ಮಿನವ ಸೇನಾ ಬ್ಯಾಂಡುಗಳ ಹಳೇ ಪದ್ಧತಿಯಂತೆ ಚಿರತೆ ಚರ್ಮದ ಮಾದರಿಯ ಬಟ್ಟೆ ಹೊದ್ದಿದ್ದ. ನೋಡಿದ್ದೇ ಒಬ್ಬ ಪೋರ ‘ಪಿಲಿ ಬತ್ತ್ಂಡ್’, ಹುಲಿ ಬಂತು, ಅಂತ ಕೂಗಿದ. ಉಳಿದವರು ಹುಲಿವೇಷದ ತಾಸೆಯ ಪೆಟ್ಟನ್ನು ಬಾಯಲ್ಲೇ ಶುರು ಮಾಡಿದರು. ಡ್ರಮ್ಮಿನವನ ಕಾಲು ಕೆಳಗೇ ತಾಳ ಹಾಕುತ್ತಿತ್ತು, ನಾನು ನೋಡಿದ್ದೇನೆ. ನಿರೂಪಕಿ ಬಂದು ‘ಮಕ್ಕಳೇ, ಶಿಸ್ತು’ ಅಂದರು. ಸುಮ್ನೆ ಬಿಟ್ಟಿದ್ದರೆ ಅಲ್ಲೇ ಒಂದು ಒಳ್ಳೆಯ ಕಾರ್ಯಕ್ರಮ ಆಗುತ್ತಿತ್ತು.

ಆಮೇಲೆ ಸನ್ಮಾನ. ಬ್ಯಾಂಡ್ ಮಾಸ್ಟರನ್ನು ಮುಂದೆ ಕರೆದರು. ಶಾಲು ಹೊದೆಸಿದರು, ಎದೆಯ ಪದಕಗಳೆಲ್ಲ ಮುಚ್ಚಿದವು. ಗಂಧದ ಹಾರ ಹಾಕಿದರು. ಹಣ್ಣಿನ ಬುಟ್ಟಿ ಕೊಟ್ಟರು. ಕೊನೆಗೆ ಮೈಸೂರು ಪೇಟ ಬಂತು. ತಲೆಯ ಮೇಲೆ ಸೇನೆಯ ಟೋಪಿ ಇತ್ತು. ಟೋಪಿ ತೆಗೆಯಿರಿ ಅಂತ ಸಂಘಟಕರು ಸನ್ನೆ ಮಾಡಿದರು. ಆ ಮನುಷ್ಯ ತೆಗೆಯಲಿಲ್ಲ. ಹಾಗಂತ ನಮ್ಮವರು ಬಿಡುವವರಾ? ಟೋಪಿಯ ಮೇಲೆಯೇ ಪೇಟ ಇಟ್ಟರು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಬ್ಯಾಂಡ್ ನಡೆಸುವ ಕೋಲು, ತಲೆಯ ಮೇಲೆ ಎರಡಂತಸ್ತು. ಎರಡೂ ಕೈ ಖಾಲಿ ಇಲ್ಲದ್ದರಿಂದ ಸೆಲ್ಯೂಟ್ ಹೊಡೆಯಲು ಆಗಲಿಲ್ಲ. ನೆನಪಿನ ಕಾಣಿಕೆ ಗಾಜಿನ ಪೆಟ್ಟಿಗೆಯೊಳಗಿನ ಯಕ್ಷಗಾನ ಕಿರೀಟ. ಊರೂರಿಗೆ ಒಂದೊಂದು ಗಾಜಿನ ಪೆಟ್ಟಿಗೆ ಅಂತ ಲೆಕ್ಕ ಹಾಕಿ. ತಿರುಗಾಟ ಮುಗಿಯುವಾಗ ಟ್ಯೂಬಾ ಅನ್ನುವ ದೊಡ್ಡ ಕಹಳೆಯನ್ನು ಬಸ್ಸಿನ ತಲೆಗೆ ಕಟ್ಟಬೇಕಾಗುತ್ತದೆ.

ಅಮೆರಿಕದ ಮರೀನ್ ಸೇನೆಯ ಬ್ಯಾಂಡ್ ಮೊದಲ ಸಲ ದೇಶ ತಿರುಗಲು ಹೊರಟದ್ದು 1891ರಲ್ಲಿ. ಅದಕ್ಕೆ ಅದರ ನಾಯಕ ಜಾನ್ ಫಿಲಿಪ್ ಸೂಸಾ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಒಪ್ಪಿಗೆ ಪಡೆಯಬೇಕಾಯಿತು. ಒಂದೇ ಒಪ್ಪಿಗೆ. ಇಲ್ಲಿ ಮೈದಾನಕ್ಕೆ ಒಂದು, ಮೈಕಿಗೆ ಒಂದು, ಕರೆಂಟಿಗೆ ಒಂದು, ಬ್ಯಾನರಿಗೆ ಒಂದು ಒಪ್ಪಿಗೆ ಬೇಕು. ಬ್ಯಾನರಿನಲ್ಲಿ ಯಾರ ಮುಖ ಎಷ್ಟು ದೊಡ್ಡದು ಅನ್ನುವುದಕ್ಕೆ ಬೇರೆಯೇ ಮೀಟಿಂಗು. ಇದೇ ಸೂಸಾನ ಹೆಸರಿನ ದೊಡ್ಡ ಕಹಳೆ ಸೂಸಾಫೋನಿಗೆ ಆರಂಭದಲ್ಲಿ ಬಾಯಿ ಆಕಾಶದ ಕಡೆಗೆ ಇತ್ತು. ಮಳೆ ಹಿಡಿಯುವ ಪಾತ್ರೆ ಅಂತ ಜನ ತಮಾಷೆ ಮಾಡುತ್ತಿದ್ದರಂತೆ. ಅವರು ಜೂನಿನಲ್ಲಿ ಮಂಗಳೂರಿಗೆ ಬಂದಿದ್ದರೆ ತಮಾಷೆ ಮಾಡುತ್ತಿರಲಿಲ್ಲ, ಅರ್ಧ ಗಂಟೆಗೊಮ್ಮೆ ಬಗ್ಗಿಸಿ ಚೆಲ್ಲುತ್ತಿದ್ದರು.

ಅಂತೂ ಒಂಬತ್ತೂ ಇಪ್ಪತ್ತಕ್ಕೆ ಬ್ಯಾಂಡಿಗೆ ಅವಕಾಶ ಸಿಕ್ಕಿತು. ‘ಸಮಯದ ಅಭಾವದಿಂದ’ ಅಂತ ನಿರೂಪಕಿ ಶುರು ಮಾಡಿದರು. ಹತ್ತು ಗಂಟೆಗೆ ಶಬ್ದ ನಿಲ್ಲಬೇಕು, ಕಾನೂನು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಬರೀ ಮೈಕಿಗೆ ಮಾತ್ರ ಅಲ್ಲ, ಬಯಲಲ್ಲಿ ನುಡಿಸುವ ವಾದ್ಯಕ್ಕೂ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅನ್ವಯ. ನಿಯಮ ಒಳ್ಳೆಯದೇ. ಆದರೆ ಎರಡು ಗಂಟೆ ಮೈಕ್ ಹಿಡಿದು ಕಿರುಚಿದ್ದು ಮಾಲಿನ್ಯ ಅಲ್ಲ, ಫ್ಲೂಟ್ ಹತ್ತೂವರೆಗೆ ಕೇಳಿದರೆ ಮಾಲಿನ್ಯ.

ಸಿಕ್ಕಿದ ಅರ್ಧ ಗಂಟೆಯಲ್ಲಿ ಅವರು ನುಡಿಸಿದ್ದನ್ನು ಹೇಗೆ ಹೇಳಲಿ? ಮೊದಲ ಪೆಟ್ಟಿಗೇ ಮೈದಾನದ ಆಚೆಯ ರಿಕ್ಷಾದವರು ಇಳಿದು ಬಂದು ನಿಂತರು. ಮೈಕ್ ಬೇಕಾಗಲೇ ಇಲ್ಲ. ಮಲಗಿದ್ದ ಮಗುವೊಂದು ಎದ್ದು ಕೂತು, ಅಳದೆ ಕೇಳಿತು. ನನ್ನ ಪಕ್ಕದ ಅಜ್ಜ, ಮದುವೆ ಬ್ಯಾಂಡಿನಲ್ಲಿ ಬಹಳ ವರ್ಷ ಟ್ರಂಪೆಟ್ ಊದಿದವರು, ಕಡಲೆ ಪೊಟ್ಟಣ ಕೆಳಗಿಟ್ಟು ಗಾಳಿಯಲ್ಲೇ ಮೂರು ಬೆರಳು ಆಡಿಸುತ್ತಿದ್ದರು.

ಅದೇ ಹೊತ್ತಿಗೆ ಮುಂದಿನ ಸೋಫಾಗಳು ಖಾಲಿಯಾಗತೊಡಗಿದವು. ಒಬ್ಬೊಬ್ಬರೇ ಎದ್ದರು. ಇನ್ನೊಂದು ಕಾರ್ಯಕ್ರಮ, ಒಂದು ಮದುವೆ, ಒಂದು ಉತ್ತರಕ್ರಿಯೆಯ ಬೊಜ್ಜ. ಹೋಗುವಾಗ ಕೈಮುಗಿದು, ಗನ್‌ಮ್ಯಾನನ್ನು ಕರೆದು, ಬ್ಯಾಂಡಿನ ನಡುವಿನಿಂದಲೇ ದಾರಿ ಮಾಡಿಕೊಂಡು ಹೋದರು. ಒಂದು ಸ್ಟ್ಯಾಂಡ್ ಬಿತ್ತು. ಹಾಳೆ ಹಾರಿತು. ಆ ವಾದಕ ನೆನಪಿನಿಂದಲೇ ನುಡಿಸುತ್ತಾ ಹೋದ. ಕೊನೆಗೆ ರಾಷ್ಟ್ರಗೀತೆ ಬಂದಾಗ ವೇದಿಕೆಯಲ್ಲಿ ಉಳಿದದ್ದು ಇಬ್ಬರು. ಅವರಲ್ಲಿ ಒಬ್ಬರು ನೆನಪಿನ ಕಾಣಿಕೆ ಜೋಡಿಸುವವರು.

52 ಸೆಕೆಂಡ್. ಜನಗಣಮನಕ್ಕೆ ಬೇಕಾದದ್ದು ಅಷ್ಟೇ. ಎರಡು ಗಂಟೆ ದೇಶಪ್ರೇಮದ ಬಗ್ಗೆ ಮಾತಾಡಿದವರಿಗೆ 52 ಸೆಕೆಂಡ್ ನಿಲ್ಲಲು ಆಗಲಿಲ್ಲ. ನನಗೆ ಇದರಲ್ಲಿ ಇನ್ನು ತಮಾಷೆ ಮಾಡಲು ಬರುವುದಿಲ್ಲ. ಬ್ಯಾಂಡಿನವರು ಅಂದರೆ ಮದುವೆ ದಿಬ್ಬಣಕ್ಕೆ ಬಂದವರು ಅಂತ ಇವರು ತಿಳಿದಿರಬೇಕು. ಮದುವೆ ಬ್ಯಾಂಡಿನವರನ್ನೂ ಹೀಗೆ ನಡೆಸಿಕೊಳ್ಳಬಾರದು, ಅದು ಬೇರೆ ಮಾತು. ಯುದ್ಧದ ಕಾಲದಲ್ಲಿ ಈ ವಾದಕರು ವಾದ್ಯ ಕೆಳಗಿಟ್ಟು ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊರುತ್ತಾರೆ. ಅದಕ್ಕೂ ಅವರಿಗೆ ತರಬೇತಿ ಇರುತ್ತದೆ. ಅಂಥವರ ಕೈಯಲ್ಲಿ ಸೋಫಾ ಹೊರಿಸಿ, ಆ ಸೋಫಾದಲ್ಲಿ ಕೂತು ತ್ಯಾಗದ ಬಗ್ಗೆ ಮಾತಾಡಿ, ಅವರು ನುಡಿಸುವ ಹೊತ್ತಿಗೆ ಎದ್ದು ಹೋಗುವುದು. ಸಾಕಪ್ಪ.

ಕರ್ತವ್ಯದ ಮೇಲೆ ಹೋಗುವ ಸೈನಿಕನಿಂದ, ಅವನ ಸಾಮಾನಿನಿಂದ ರಸ್ತೆ ಸುಂಕ ತೆಗೆದುಕೊಳ್ಳಬಾರದು ಅಂತ ಬ್ರಿಟಿಷರು 1901ರಲ್ಲಿ ಕಾನೂನು ಮಾಡಿದ್ದರು. ಈಗಲೂ ಟೋಲ್‌ಗೇಟಿನಲ್ಲಿ ಸೇನೆಯ ವಾಹನ ಬಿಡುವುದು ಆ ಕಾನೂನಿನಿಂದಲೇ. ಹಾಗಾಗಿ ನಾವು ಸುಂಕವನ್ನು ವೇದಿಕೆಯಲ್ಲೇ ವಸೂಲಿ ಮಾಡುತ್ತೇವೆ.

ಊಟದ ವ್ಯವಸ್ಥೆ ಇತ್ತು, ಸುಳ್ಳು ಹೇಳಬಾರದು. ಗಣ್ಯರದ್ದು ಮುಗಿದ ಮೇಲೆ ಬ್ಯಾಂಡಿನವರಿಗೆ ನೀರುದೋಸೆ ಉಳಿದಿತ್ತು, ಕೋಳಿ ಸಾರಿನಲ್ಲಿ ಸಾರು ಉಳಿದಿತ್ತು. ಅವರು ತಿಂದು, ತಟ್ಟೆ ತೊಳೆದು, ಸ್ಟ್ಯಾಂಡ್ ಮಡಚಿ, ಬಸ್ಸು ತುಂಬಿದರು. ಮರುದಿನ ಉಡುಪಿಯಲ್ಲಿ ಕಾರ್ಯಕ್ರಮ. ಕೂಳೂರಿನ ಟ್ರಾಫಿಕ್ ದಾಟಲು ರಾತ್ರಿಯೇ ಹೊರಡುವುದು ವಾಸಿ ಅಂತ ಡ್ರೈವರಿಗೆ ಯಾರೋ ಬುದ್ಧಿ ಹೇಳಿದ್ದರು. ಇಡೀ ಸಂಜೆ ಅವರಿಗೆ ಸಿಕ್ಕಿದ ಒಂದೇ ಉಪಯೋಗದ ಭಾಷಣ.

ನಿನ್ನೆ ಸಂಘಟಕರಲ್ಲಿ ಒಬ್ಬರು ಪೇಟೆಯಲ್ಲಿ ಸಿಕ್ಕಿದರು. ಕಾರ್ಯಕ್ರಮ ಸೂಪರ್ ಆಯಿತು, ಎಲ್ಲ ಕಡೆಯಿಂದ ಫೋನ್ ಬರುತ್ತಾ ಉಂಟು ಅಂದರು. ಏನಾದರೂ ಲೋಪ ಆಯಿತಾ ಅಂತ ನಾನು ಕೇಳಿದೆ. ಸ್ವಲ್ಪ ಯೋಚಿಸಿದರು. ಆಯಿತು, ಇಬ್ಬರು ಗಣ್ಯರಿಗೆ ವೇದಿಕೆಯಲ್ಲಿ ಜಾಗ ಸಾಕಾಗಲಿಲ್ಲ, ಬೇಸರ ಮಾಡಿಕೊಂಡಿದ್ದಾರೆ ಅಂದರು. ಮುಂದಿನ ವರ್ಷ ಬ್ಯಾಂಡನ್ನು ಕೆಳಗೆ ಕೂರಿಸುತ್ತಾರಂತೆ.